ಘಾಟಿ ಏರುವ ಮುಳ್ಳು

ಸಕಲೇಶಪುರದ ಹೊರಗೆ, ಮಂಗಳೂರು ರಸ್ತೆಯ ಬದಿಗೆ ಒಂದು ಗ್ಯಾರೇಜು. ಬಾನೆಟ್ ಎತ್ತಿ ನಿಲ್ಲಿಸಿದ, ಹತ್ತು ವರ್ಷ ಓಡಿದ ಪೆಟ್ರೋಲ್ ಕಾರು. ಅದರ ಒಂದು ಪಕ್ಕದಲ್ಲಿ ಅಂಬಾಸಿಡರ್ ಕಾಲದಿಂದ ಕೈ ಕಪ್ಪು ಮಾಡಿಕೊಂಡೇ ಬಂದ ಮೇಸ್ತ್ರಿ. ಇನ್ನೊಂದು ಪಕ್ಕದಲ್ಲಿ ಕಾರಿನ ಒಡತಿ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಈಗಷ್ಟೇ ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬಂದವರು. ತಿಂಗಳು ಏಪ್ರಿಲ್. ಎಂಜಿನ್ ತಣಿಯುವ ತನಕ ಯಾರೂ ಏನನ್ನೂ ಬಿಚ್ಚುವಂತಿರಲಿಲ್ಲ, ಹಾಗಾಗಿ ಮಾತು ಬೆಳೆಯಿತು.

ಮೇಸ್ತ್ರಿ: ಎಲ್ಲಿಂದ ಏರೋಕೆ ಶುರುವಾಯ್ತು ಮೇಡಂ, ಟೆಂಪರೇಚರ್ ಮುಳ್ಳು?

ಇಂಜಿನಿಯರ್: ಗುಂಡ್ಯ ದಾಟಿ ಏರು ಹತ್ತುವಾಗ. ಮುಂದೆ ಟ್ಯಾಂಕರ್ ಸಾಲು, ಎರಡನೇ ಗೇರಿಂದ ಮೇಲೆ ಹಾಕೋಕೇ ಆಗಲಿಲ್ಲ. ಎಸಿ ಬೇರೆ ಓಡ್ತಿತ್ತು. ಮಾರನಹಳ್ಳಿ ಹತ್ತಿರ ಬರೋ ಹೊತ್ತಿಗೆ ಮುಕ್ಕಾಲು ದಾಟಿತ್ತು. ಎಸಿ ಆರಿಸಿ, ಹೀಟರ್ ಪೂರ್ತಿ ಬಿಟ್ಟೆ. ಸ್ವಲ್ಪ ಇಳೀತು. ಮೇಲೆ ಬಂದು ರಸ್ತೆ ಸಮ ಆದಮೇಲೆ ತಾನಾಗೇ ನಡುವಿಗೆ ಬಂತು.

ಮೇಸ್ತ್ರಿ: ಈ ಸೆಕೆಯಲ್ಲಿ ಹೀಟರ್ ಹಾಕ್ಕೊಂಡು ಘಾಟಿ ಹತ್ತಿದ್ರಾ!

ಇಂಜಿನಿಯರ್: ಡ್ಯಾಶ್‌ಬೋರ್ಡ್ ಹಿಂದೆ ಕೂತಿರೋ ಹೀಟರೂ ಒಂದು ಚಿಕ್ಕ ರೇಡಿಯೇಟರೇ ತಾನೆ? ಎಂಜಿನ್ನಿನ ಬಿಸಿನೀರೇ ಅದರೊಳಗೂ ಓಡುತ್ತೆ. ದೊಡ್ಡದರ ಕೈಯಲ್ಲಾಗದ ಶಾಖವನ್ನ ಅದು ಅಷ್ಟಿಷ್ಟು ಹೊರಗೆ ಹಾಕುತ್ತೆ, ನಮ್ಮ ಮುಖಕ್ಕೇ ಬೀಸಿದರೂ ಸರಿ. ನಾನು ಬೆವರಿದೆ, ಎಂಜಿನ್ನಿನ ಹೆಡ್ ಉಳೀತು.

ಮೇಸ್ತ್ರಿ: ನಿಲ್ಲಿಸಬೇಕಿತ್ತು. ನಾವಾಗಿದ್ರೆ ಹಳ್ಳ ಸಿಕ್ಕಿದ ಕಡೆ ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ, ಒಂದು ಬೀಡಿ ಮುಗಿಸಿ, ಆಮೇಲೆ ಡಬ್ಬದಲ್ಲಿ ನೀರು ತಂದು ಹೊಯ್ತಿದ್ವಿ. ಡಬ್ಬ ಇಲ್ಲದೆ ಘಾಟಿ ಹತ್ತೋ ಡ್ರೈವರೇ ಇರಲಿಲ್ಲ ಆಗ.

ಇಂಜಿನಿಯರ್: ಶಿರಾಡಿಯಲ್ಲಿ ಈಗ ಎಲ್ಲಿ ನಿಲ್ಲಿಸ್ತೀರಿ? ತಿರುವಲ್ಲಿ ನಿಂತ್ರೆ ಹಿಂದಿನಿಂದ ಬಸ್ಸೇ ಬಂದು ಗುದ್ದುತ್ತೆ. ಅದೂ ಅಲ್ಲದೆ, ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಿದ್ರೆ ಪಂಪೂ ನಿಲ್ಲುತ್ತೆ. ಹೆಡ್ಡಿನ ಶಾಖವೆಲ್ಲ ನಿಂತ ನೀರಿಗೆ ಇಳಿದು, ಅಲ್ಲೀತನಕ ಕುದೀದೆ ಇದ್ದದ್ದೂ ಕುದಿಯೋಕೆ ಶುರುವಾಗುತ್ತೆ. ನೀರಿದ್ದು, ಫ್ಯಾನ್ ತಿರುಗ್ತಿದ್ರೆ ಒಂದೆರಡು ನಿಮಿಷ ಐಡ್ಲಿಂಗಲ್ಲಿ ಬಿಡೋದೇ ವಾಸಿ.

ಮೇಸ್ತ್ರಿ: ‘ನೀರಿದ್ದು’ ಅಂದ್ರಲ್ಲ, ಅಲ್ಲೇ ಇರೋದು ಪೇಚು. ನೀರಿದೆಯೋ ಇಲ್ಲವೋ, ಸ್ಟೀರಿಂಗ್ ಹಿಂದೆ ಕೂತವರಿಗೆ ಹೆಂಗೆ ಗೊತ್ತಾಗಬೇಕು? ಬಾನೆಟ್ ಸಂದಿಯಲ್ಲಿ ಆವಿ ಕಂಡ್ರೆ, ಸಿಹಿ ಸಿಹಿ ವಾಸನೆ ಬಂದ್ರೆ, ಇಲ್ಲಾ ನಿಮ್ಮ ಆ ಹೀಟರಿಂದ ತಣ್ಣನೆ ಗಾಳಿ ಬಂದ್ರೆ ನೀರು ಖಾಲಿ ಅಂತಲೇ ತಿಳ್ಕೋಬೇಕು. ಆಮೇಲೆ ಒಂದು ನಿಮಿಷ ಓಡಿಸಿದ್ರೂ ಹೆಡ್ ಬಾಗುತ್ತೆ. ಅದಕ್ಕೇ ನಮ್ಮ ಹುಡುಗರಿಗೆ ನಾನು ಹೇಳಿರೋದು ಒಂದೇ: ಕೆಂಪು ಮುಟ್ಟಿತಾ, ಆರಿಸು. ಲೆಕ್ಕಾಚಾರಕ್ಕೆ ಕೂರಬೇಡ.

ಇಂಜಿನಿಯರ್: ಕೆಂಪು ಮುಟ್ಟೋ ಹೊತ್ತಿಗೆ ತಡವಾಗಿರುತ್ತಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಮುಳ್ಳು ಸತ್ಯ ಹೇಳೋದೇ ಇಲ್ಲ. ಸುಮಾರು 75 ಡಿಗ್ರಿಯಿಂದ 105ರ ತನಕ ಎಷ್ಟಿದ್ದರೂ ನಡುವೆಯೇ ನಿಲ್ಲೋ ಹಾಗೆ ಕಂಪನಿಯವರೇ ಮಾಡಿರ್ತಾರೆ. ಸ್ವಲ್ಪ ಅಲ್ಲಾಡಿದ್ರೂ ಜನ ಗಾಬರಿ ಬಿದ್ದು ಸರ್ವಿಸ್ ಸೆಂಟರಿಗೆ ಓಡ್ತಾರೆ ಅಂತ. ಕೆಲವದರಲ್ಲಿ ಮುಳ್ಳೇ ಇಲ್ಲ; ತಣ್ಣಗಿದ್ರೆ ನೀಲಿ ದೀಪ, ಕಾದ್ರೆ ಕೆಂಪು ದೀಪ.

ಮೇಸ್ತ್ರಿ: ನೋಡಿ, ಇದನ್ನೇ ನಾನು ಹೇಳೋದು. ಅಂಬಾಸಿಡರಿನ ಮುಳ್ಳು ನಿಜ ಹೇಳ್ತಿತ್ತು. ಏರಲ್ಲಿ ಏರ್ತಿತ್ತು, ಇಳಿಜಾರಲ್ಲಿ ಇಳೀತಿತ್ತು. ಡ್ರೈವರಿಗೆ ಅದರ ಸ್ವಭಾವ ಗೊತ್ತಿತ್ತು.

ಇಂಜಿನಿಯರ್: ನೀರು ಪೂರ್ತಿ ಹೋದಾಗ ಅದೂ ಸುಳ್ಳೇ ಹೇಳ್ತಿತ್ತು ಮೇಸ್ತ್ರಿಗಳೇ. ಸೆನ್ಸರ್ ನೀರಲ್ಲಿ ಮುಳುಗಿದ್ರೆ ಮಾತ್ರ ಅದರ ಮಾತಿಗೆ ಬೆಲೆ. ಗಾಳಿಯಲ್ಲಿ ನೇತಾಡ್ತಿದ್ರೆ ಒಳಗೆ ಬೆಂಕಿ ಬಿದ್ದಿದ್ರೂ ಮುಳ್ಳು ಕೆಳಗೇ ಇರಬಹುದು.

ಇಷ್ಟು ಹೊತ್ತಿಗೆ ಚಹಾ ಬಂತು. ಮೇಸ್ತ್ರಿ ಮೇಲಿನ ಹೋಸ್ ಪೈಪನ್ನು ಹಳೆ ಬಟ್ಟೆಯಲ್ಲಿ ಹಿಡಿದು ಒತ್ತಿ ನೋಡಿದರು, ಇನ್ನೂ ಗಟ್ಟಿ. ಒಳಗೆ ಒತ್ತಡ ಇಳಿದಿಲ್ಲ ಎಂದರ್ಥ. ಅವರ ಮೊಣಕೈ ಬಳಿ ಒಂದು ಅಂಗೈಯಗಲದ ಹಳೆಯ ಸುಟ್ಟ ಗಾಯವಿದೆ. ಅದು ಹೇಗಾಯಿತೆಂದು ಯಾರೂ ಕೇಳಲಿಲ್ಲ. ರೇಡಿಯೇಟರ್ ಕೆಲಸ ಮಾಡುವವರಲ್ಲಿ ಅದನ್ನು ಕೇಳುವ ವಾಡಿಕೆಯೂ ಇಲ್ಲ.

ಮೇಸ್ತ್ರಿ: ನನ್ನ ಕೇಳಿದ್ರೆ ಥರ್ಮೋಸ್ಟಾಟ್ ಕಿತ್ತು ಬಿಸಾಕೋಣ. ಅರ್ಧ ಗಂಟೆ ಕೆಲಸ. ನೀರಿಗೆ ಅಡ್ಡ ನಿಂತಿರೋದೇ ಅದು.

ಇಂಜಿನಿಯರ್: ಅಡ್ಡ ನಿಲ್ಲೋದೇ ಅದರ ಕೆಲಸ! ಒಳಗೊಂದು ಮೇಣದ ಗುಂಡಿ. 82 ಡಿಗ್ರಿ ಅಂತ ಮೇಲೆ ಒತ್ತಿದ್ರೆ ಹೆಚ್ಚುಕಮ್ಮಿ ಆ ಬಿಸಿಗೆ ಮೇಣ ಕರಗಿ, ಹಿಗ್ಗಿ, ಬಾಗಿಲು ತಳ್ಳುತ್ತೆ. ಅಲ್ಲೀತನಕ ನೀರು ಎಂಜಿನ್ನಿನೊಳಗೇ ಸುತ್ತಿ ಬೇಗ ಬಿಸಿ ಆಗಲಿ ಅಂತ. ಎಂಜಿನ್ ಕಾದೇ ಓಡಬೇಕು ಮೇಸ್ತ್ರಿಗಳೇ, ತಣ್ಣಗೆ ಅಲ್ಲ.

ಮೇಸ್ತ್ರಿ: ಶೀತ ದೇಶದವರ ಲೆಕ್ಕ ಅದು. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 42, 43 ಡಿಗ್ರಿ ಹೊರಗೇ ಇರುತ್ತೆ. ಅಲ್ಲಿನ ಅಂಬಾಸಿಡರ್ ಟ್ಯಾಕ್ಸಿಗಳಲ್ಲಿ ಥರ್ಮೋಸ್ಟಾಟ್ ಇತ್ತಾ ಅಂತ ಯಾರನ್ನಾದ್ರೂ ಕೇಳಿ. ಹೊಸ ಗಾಡಿ ಬಂದ ವರ್ಷವೇ ಕಿತ್ತು ಡಿಕ್ಕಿಗೆ ಎಸೀತಿದ್ರು. ಲಕ್ಷಾಂತರ ಕಿಲೋಮೀಟರ್ ಓಡಿದವು. ಥರ್ಮೋಸ್ಟಾಟ್ ತೆರೆದೇ ಕೆಟ್ಟರೆ ನಿಮಗೆ ಪೆಟ್ರೋಲ್ ಸ್ವಲ್ಪ ದಂಡ. ಮುಚ್ಚಿಕೊಂಡು ಕೆಟ್ಟರೆ? ಹೆಡ್ ಹೋಯ್ತು, ಗ್ಯಾಸ್ಕೆಟ್ ಹೋಯ್ತು, ಒಂದು ತಿಂಗಳ ಸಂಬಳ ಹೋಯ್ತು. ಕೆಡೋದಾದ್ರೆ ಯಾವ ಕಡೆಗೆ ಕೆಡಬೇಕು ಹೇಳಿ?

ಇಂಜಿನಿಯರ್: ಅಂಬಾಸಿಡರಿನ ಬ್ಲಾಕೂ ಕಬ್ಬಿಣ, ಹೆಡ್ಡೂ ಕಬ್ಬಿಣ, ಪೆಟ್ರೋಲ್ ಕೊಡೋದು ಕಾರ್ಬೊರೇಟರ್. ಅದಕ್ಕೆ ನೀರಿನ ಬಿಸಿ ಎಷ್ಟು ಅಂತ ತಿಳಿಯೋ ದಾರಿಯೇ ಇರಲಿಲ್ಲ. ಈ ಕಾರಿನ ಕಂಪ್ಯೂಟರಿಗೆ ಗೊತ್ತಾಗುತ್ತೆ. ನೀರು 60ರಲ್ಲೇ ನಿಂತಿದ್ರೆ, ಎಂಜಿನ್ ಈಗ ತಾನೆ ಎದ್ದಿದೆ ಅಂದ್ಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗೆ ಇಳಿಯುತ್ತೆ. ಆಯಿಲ್ ಮಡ್ಡಿ ಆಗುತ್ತೆ, ರಿಂಗ್ ಸವೀತವೆ. ಇದರ ಜೊತೆ ಇನ್ನೂ ಒಂದಿದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟಿನ ಕೆಳಗೆ ಎರಡನೇ ತಟ್ಟೆ ಇರುತ್ತೆ. ಮೇಲಿನದು ತೆರೆದಾಗ ಅದು ಬೈಪಾಸ್ ದಾರಿ ಮುಚ್ಚುತ್ತೆ. ಥರ್ಮೋಸ್ಟಾಟ್ ಕಿತ್ತರೆ ಆ ದಾರಿ ಸದಾ ತೆರೆದೇ. ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ವಾಪಸ್. ತಣ್ಣಗಾಗಲಿ ಅಂತ ಕಿತ್ತರೆ ಇನ್ನೂ ಕಾಯುತ್ತೆ.

ಮೇಸ್ತ್ರಿ: ಆ ಎರಡನೇ ತಟ್ಟೆ ಮಾತು ಹೌದು. ಒಂದೆರಡು ಗಾಡಿ ಹಂಗೆ ಆಗಿದ್ದು ನೋಡಿದ್ದೀನಿ. ಆದ್ರೆ ಈಗ ಅಂಗಡಿಯಲ್ಲಿ ಸಿಗೋ ಡೂಪ್ಲಿಕೇಟ್ ಮಾಲು ನಂಬಿ ನಾನು ಹಾಕ್ಕೊಡಲ್ಲ. ಡಬ್ಬ ಒಡೆದ ಹೊಸದೇ ತೆರೆಯದೆ ಕೂತಿರೋದು ನೋಡಿದ್ದೀನಿ.

ಇಂಜಿನಿಯರ್: ಹಾಕೋ ಮೊದಲು ಬಿಸಿನೀರಲ್ಲಿ ಇಟ್ಟು ನೋಡಿದ್ರಾಯ್ತಲ್ಲ.

ಮೇಸ್ತ್ರಿ: ಅಷ್ಟು ಪುರುಸೊತ್ತು ಯಾವ ಗ್ಯಾರೇಜಿಗಿದೆ?

ಆದರೂ ನೋಡೇ ಬಿಡೋಣ ಎಂದಾಯಿತು. ಎಂಜಿನ್ ಪೂರ್ತಿ ತಣಿದ ಮೇಲೆ ಕೂಲಂಟ್ ಅರ್ಧ ಇಳಿಸಿ, ಥರ್ಮೋಸ್ಟಾಟ್ ಬಿಚ್ಚಿ, ದಾರ ಕಟ್ಟಿ ಪಾತ್ರೆಯಲ್ಲಿ ತಳಕ್ಕೆ ತಾಗದ ಹಾಗೆ ಇಳಿಬಿಟ್ಟು, ಚಹಾದ ಸ್ಟೌ ಮೇಲಿಟ್ಟರು. ಆಕೆಯ ಬಳಿ ಥರ್ಮಾಮೀಟರ್ ಇತ್ತು. 80 ದಾಟುತ್ತಲೇ ಬಾಗಿಲು ಕೂದಲೆಳೆಯಷ್ಟು ಬಿರಿಯಿತು, 90 ದಾಟಿದ ಮೇಲೆ ಚೆನ್ನಾಗಿ ತೆರೆಯಿತು. ಆರಿಸಿದ ಮೇಲೆ ಮತ್ತೆ ಮುಚ್ಚಿತು. ಅಂದರೆ ಘಾಟಿಯಲ್ಲಿ ಕಾದದ್ದಕ್ಕೆ ಕಾರಣ ಅದಲ್ಲ. ಮೇಸ್ತ್ರಿ ಏನೂ ಹೇಳದೆ ಅದನ್ನು ಒರೆಸಿ ಬೆಂಚಿನ ಮೇಲಿಟ್ಟರು. ಥರ್ಮೋಸ್ಟಾಟ್ ವಿಷಯದಲ್ಲಿ ನನ್ನ ಮತ ಆಕೆಗೆ. ಆದರೆ ಆ ಪರೀಕ್ಷೆ ಎಷ್ಟು ಕಡೆ ನಡೆಯುತ್ತದೆ ಎಂಬ ಮೇಸ್ತ್ರಿಯ ಪ್ರಶ್ನೆಗೆ ಆಕೆ ಉತ್ತರ ಕೊಡಲಿಲ್ಲ ಎಂಬುದನ್ನೂ ಬರೆದಿಡಬೇಕು.

ಮೇಸ್ತ್ರಿ: ಈಗ ನನ್ನ ಸರದಿ. ಬಿಚ್ಚೋ ಮೊದಲು ನಾನೊಂದು ನೋಡಿದೆ, ನೀವು ನೋಡಿದ್ರಾ? ಪಕ್ಕದ ಪ್ಲಾಸ್ಟಿಕ್ ಬಾಟ್ಲಿ ಕತ್ತಿನ ತನಕ ತುಂಬಿತ್ತು. ಕ್ಯಾಪ್ ತೆಗೆದ್ರೆ ರೇಡಿಯೇಟರಿನಲ್ಲಿ ನಾಲ್ಕು ಬೆರಳು ಖಾಲಿ.

ಇಂಜಿನಿಯರ್: ಬಾಟ್ಲಿ ನಾನು ನೋಡ್ತಾನೇ ಇರ್ತೀನಲ್ಲ. ಮ್ಯಾಕ್ಸ್ ಗೆರೆಯಿಂದ ಕೆಳಗೆ ಇಳಿದದ್ದೇ ಇಲ್ಲ.

ಮೇಸ್ತ್ರಿ: ಅದೇ ಕಾಯಿಲೆ! ತಣ್ಣಗಿರೋವಾಗ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಇರಬೇಕು, ಬಿಸಿ ಆದಾಗ ಏರಬೇಕು, ತಣಿದಾಗ ಇಳೀಬೇಕು. ಇಳಿಯದೆ ಇದ್ದದ್ದು ನೋಡಿ ನೀವು ಖುಷಿ ಪಟ್ರಿ. ನೀರು ಬಾಟ್ಲಿಗೆ ಹೋಗ್ತಿದೆ, ವಾಪಸ್ ಬರ್ತಿಲ್ಲ. ಈ ಕ್ಯಾಪ್ ನೋಡಿ. ಇದರಲ್ಲಿ ಎರಡು ಕವಾಟ. ದೊಡ್ಡದು ಒತ್ತಡ ಹೆಚ್ಚಾದ್ರೆ ಬಾಟ್ಲಿಗೆ ಬಿಡುತ್ತೆ. ನಡುವಿನ ಈ ಚಿಕ್ಕ ಬಿಲ್ಲೆ ತಣಿದಾಗ ವಾಪಸ್ ಎಳ್ಕೊಳ್ಳೋಕೆ. ಉಗುರಲ್ಲಿ ಎಳೀರಿ, ಬರುತ್ತಾ? ಅಂಟಿ ಕೂತಿದೆ. ರಬ್ಬರೂ ಒಡೆದಿದೆ.

ಇಂಜಿನಿಯರ್: ಚಿಕ್ಕದು ಪೂರ್ತಿ ಅಂಟಿದ್ರೆ ತಣಿದಾಗ ಕೆಳಗಿನ ಹೋಸ್ ಪೈಪು ಚಪ್ಪಟೆ ಆಗಬೇಕಿತ್ತಲ್ಲ?

ಮೇಸ್ತ್ರಿ: ರಬ್ಬರ್ ಒಡೆದ ಕಡೆಯಿಂದ ಗಾಳಿ ಎಳ್ಕೊಂಡಿದೆ, ಅದಕ್ಕೇ ಆಗಿಲ್ಲ. ನೀರಿನ ಜಾಗದಲ್ಲಿ ಗಾಳಿ. ಪ್ರತಿ ಸಲ ಒಂದು ಗುಟುಕು. ಕುಕ್ಕರಿನ ವೆಯ್ಟ್ ಸರಿ ಕೂರದಿದ್ರೆ ಬೇಳೆ ಬೇಯುತ್ತಾ?

ಇಂಜಿನಿಯರ್: ಬೇಯಲ್ಲ. ಆದ್ರೆ ಕುಕ್ಕರಲ್ಲಿ ನಮಗೆ ಆವಿ ಬೇಕು, ಇಲ್ಲಿ ಆವಿಯೇ ಆಗಬಾರದು. ಸಕಲೇಶಪುರ ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ 950 ಮೀಟರ್ ಮೇಲಿದೆ. ಇಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತೆ. 0.9 ಬಾರ್ ಒತ್ತಡದ ಕ್ಯಾಪ್ ಗಟ್ಟಿಯಾಗಿ ಕೂತಿದ್ರೆ ಅದೇ ನೀರು 115 ದಾಟಿದ್ರೂ ಕುದಿಯಲ್ಲ. ಅರ್ಧಕ್ಕರ್ಧ ಕೂಲಂಟ್ ಬೆರೆಸಿದ್ರೆ ಮೇಲೆ ಇನ್ನೊಂದು ಏಳೆಂಟು ಡಿಗ್ರಿ ಸಿಗುತ್ತೆ.

ಮೇಸ್ತ್ರಿ: ಅಂದ್ರೆ ನಿಮ್ಮ ಬಾಯಲ್ಲೇ ಬಂತು. ಕೂಲಂಟಿಂದ ಏಳೆಂಟು, ಕ್ಯಾಪಿಂದ ಇಪ್ಪತ್ತು. ಜನ ಲೀಟರಿಗೆ ನೂರಾರು ರೂಪಾಯಿ ಕೊಟ್ಟು ಕೂಲಂಟ್ ಹಾಕ್ಕೊಂಡು, ಅದರ ಮೇಲೆ ಈ ಕೊಳೆತ ಕ್ಯಾಪ್ ಕೂರಿಸ್ತಾರೆ. ನನಗೆ ಕೇಳಿದ್ರೆ ಒಳ್ಳೆ ಕ್ಯಾಪ್, ಒಳ್ಳೆ ನೀರು, ಅಷ್ಟು ಸಾಕು. ಹಿಮ ಬೀಳೋ ಊರಾ ಇದು, ನೀರು ಹೆಪ್ಪುಗಟ್ಟೋಕೆ?

ಇಂಜಿನಿಯರ್: ಶಾಖ ಹೊರೋದ್ರಲ್ಲಿ ನೀರೇ ಮೇಲು, ಅದನ್ನ ಒಪ್ಪದಿದ್ರೆ ಓದಿದ್ದೇ ದಂಡ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ತೂಕಕ್ಕೆ ತೂಕ ಹೋಲಿಸಿದ್ರೆ ಶೇ. 15ರಷ್ಟು ಕಮ್ಮಿ ಶಾಖ ಹೊರುತ್ತೆ. ಆದ್ರೆ ನೀರು ಒಂದೇ ಕೆಲಸ ಮಾಡಲ್ಲ, ತಿನ್ನುತ್ತೆ ಕೂಡ. ಅಲ್ಯೂಮಿನಿಯಂ ರೇಡಿಯೇಟರ್, ಕಬ್ಬಿಣದ ಬ್ಲಾಕ್, ಪಂಪಿನ ಸ್ಟೀಲು, ಎಲ್ಲವೂ ಒಂದೇ ನೀರಲ್ಲಿ. ಎರಡು ಲೋಹ ಒಂದೇ ನೀರಲ್ಲಿ ನಿಂತ್ರೆ ಒಂದು ಇನ್ನೊಂದನ್ನ ತಿಂದು ಹಾಕುತ್ತೆ. ಕೂಲಂಟಿಗೆ ಬೆರೆಸಿರೋ ರಾಸಾಯನಿಕ ಲೋಹದ ಮೇಲೆ ತೆಳುವಾದ ಪದರ ಕಟ್ಟಿ ಅದನ್ನ ತಡೆಯುತ್ತೆ. ಪಂಪಿನ ಸೀಲಿಗೂ ಅದು ಬೇಕು. ನಾವು ಹಣ ಕೊಡೋದು ಹೆಪ್ಪುಗಟ್ಟದಿರಲಿ ಅಂತ ಅಲ್ಲ, ತುಕ್ಕು ಹಿಡಿಯದಿರಲಿ ಅಂತ.

ಮೇಸ್ತ್ರಿ: ಅರ್ಧಕ್ಕರ್ಧವೇ ಬೇಕಾ ಹಾಗಾದ್ರೆ?

ಇಂಜಿನಿಯರ್: ಬೇಡ. ನಮ್ಮ ಹವೆಗೆ ಶೇ. 30 ಸಾಕು ಅಂತ ಕೆಲವು ಕಾರಿನ ಪುಸ್ತಕದಲ್ಲೇ ಬರೆದಿದೆ. ಬೆರೆಸೋ ನೀರು ಮಾತ್ರ ಬೋರ್‌ವೆಲ್ಲಿನದ್ದು ಆಗಬಾರದು. ಬಿಸಿ ಆದಷ್ಟೂ ಸುಣ್ಣ ಕರಗಿರಲ್ಲ, ಎಲ್ಲಿ ಹೆಚ್ಚು ಬಿಸಿಯೋ ಅಲ್ಲೇ ಪದರ ಕಟ್ಟುತ್ತೆ. ಅಂದ್ರೆ ಹೆಡ್ಡಿನೊಳಗೆ, ಶಾಖ ಬೇಗ ಹೊರಗೆ ಬರಬೇಕಾದ ಕಡೆಯೇ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಂದ್ರೆ ಮುಗೀತು.

ಮೇಸ್ತ್ರಿ: ಕೋಲಾರ, ಪಾವಗಡ ಕಡೆ ಗಾಡಿಗಳ ಹೆಡ್ ಬಿಚ್ಚಿದ್ರೆ ಒಳಗೆ ಗೋಡೆಗೆ ಸುಣ್ಣ ಬಳಿದ ಹಾಗೇ ಇರುತ್ತೆ, ನೋಡಿದ್ದೀನಿ. ಅದಕ್ಕೇ ನಾನು ಘಾಟಿ ಹಳ್ಳದ ನೀರು, ಮಳೆ ನೀರು ಅಂತ ಹೇಳೋದು. ಅದು ಮೆದು ನೀರು. ಪುಸ್ತಕ ಓದದೆಯೂ ನಮಗೆ ಗೊತ್ತಿತ್ತು. ಈಗ ನಿಮ್ಮ ಕೂಲಂಟಿನ ಬಣ್ಣ ನೋಡಿ. ಇದೇನು ಗುಲಾಬಿಯಾ, ಹಸಿರಾ?

ಇಂಜಿನಿಯರ್: ಕಂದು. ಗುಲಾಬಿ ಇತ್ತು. ಹೋದ ಸಲ ದಾರಿಯಲ್ಲಿ ಯಾರೋ ಹಸಿರು ತುಂಬಿಸಿದ್ರು.

ಮೇಸ್ತ್ರಿ: ಪೆಟ್ರೋಲ್ ಬಂಕಿನವರಿಗೆ ಎರಡೂ ಒಂದೇ.

ಇಂಜಿನಿಯರ್: ಬಣ್ಣಕ್ಕೂ ಒಳಗಿನ ಮಾಲಿಗೂ ಸಂಬಂಧವೇ ಇಲ್ಲ, ಅದು ಬರೀ ಬಣ್ಣ. ಒಂದು ಕಂಪನಿಯ ಹಸಿರು ಇನ್ನೊಂದರ ಕೆಂಪಿಗೆ ಸಮ ಇರಬಹುದು. ಹಳೆ ತರದ್ದು ಎರಡು ವರ್ಷಕ್ಕೆ ಸುಸ್ತಾಗುತ್ತೆ, ಹೊಸ ತರದ್ದು ಐದು ವರ್ಷ ಬರುತ್ತೆ. ಎರಡನ್ನೂ ಬೆರೆಸಿದ್ರೆ ಐದು ವರ್ಷದ್ದೂ ಎರಡಕ್ಕೆ ಇಳಿಯುತ್ತೆ, ಕೆಲವು ಸಲ ಲೋಳೆ ಕಟ್ಟುತ್ತೆ. ಡಬ್ಬದ ಹಿಂಭಾಗ ಓದಬೇಕು, ಬಣ್ಣ ನೋಡಬಾರದು.

ಮೇಸ್ತ್ರಿ: ಸರಿ, ಪೂರ್ತಿ ಇಳಿಸಿ ತೊಳೆಯೋಣ. ಅಲ್ಯೂಮಿನಿಯಂ ಅಂತ ಗೊತ್ತು, ವಾಷಿಂಗ್ ಸೋಡಾ ಹಾಕಲ್ಲ, ಗಾಬರಿ ಬೀಳಬೇಡಿ. ಸೋಡಾ ತಿಂದುಬಿಡುತ್ತೆ ಅದನ್ನ. ಹಿತ್ತಾಳೆ ರೇಡಿಯೇಟರಿಗೆ ಹಾಕ್ತಿದ್ವಿ.

ಹಿತ್ತಾಳೆಯ ಮಾತು ಬಂದದ್ದೇ ಮೇಸ್ತ್ರಿಯ ದನಿ ಬೇರೆಯಾಯಿತು. ಮುಂದಿನದನ್ನು ಅವರು ಆಕೆಗೆ ಹೇಳಿದರೋ ಗ್ಯಾರೇಜಿನ ಹುಡುಗರಿಗೋ ತಿಳಿಯಲಿಲ್ಲ.

ಮೇಸ್ತ್ರಿ: ಹಾಸನದಲ್ಲಿ ರೇಡಿಯೇಟರ್ ಕೆಲಸಕ್ಕೆ ಅಂತಲೇ ಅಂಗಡಿಗಳಿದ್ವು. ತಾಮ್ರದ ಕೊಳವೆ, ಹಿತ್ತಾಳೆ ಟ್ಯಾಂಕು. ಮೇಲಿನ ಟ್ಯಾಂಕಿನ ಬೆಸುಗೆ ಕರಗಿಸಿ ಬಿಚ್ಚೋದು. ತೆಳ್ಳಗಿನ ಕಡ್ಡಿ ಹಿಡಿದು ಒಂದೊಂದು ಕೊಳವೆಯಲ್ಲೂ ತುದಿಯಿಂದ ತುದಿಗೆ ರಾಡ್ ಹೊಡೆಯೋದು. ಮಡ್ಡಿ ಬೀಳೋದು ನೋಡಬೇಕಿತ್ತು. ಆಮೇಲೆ ಬೆಸುಗೆ ಹಾಕಿ, ಗಾಳಿ ತುಂಬಿ, ತೊಟ್ಟಿ ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತೆ ನೋಡೋದು. ಒಂದು ರೇಡಿಯೇಟರ್ ಅಪ್ಪನಿಂದ ಮಗನಿಗೆ ಬರ್ತಿತ್ತು. ಈಗ ಅಲ್ಯೂಮಿನಿಯಂ ಜಾಲರಿ, ಎರಡು ಕಡೆ ಪ್ಲಾಸ್ಟಿಕ್ ಟ್ಯಾಂಕು ಮಡಚಿ ಕಚ್ಚಿಸಿರ್ತಾರೆ. ಪ್ಲಾಸ್ಟಿಕ್ ಬಿರುಕು ಬಿಟ್ರೆ ಬಿಸಾಕು, ಹೊಸದು ತಾ. ಇದನ್ನ ಪ್ರಗತಿ ಅಂತೀರಾ?

ಇಂಜಿನಿಯರ್: ತಾಮ್ರ ಅಲ್ಯೂಮಿನಿಯಮ್ಮಿಗಿಂತ ಚೆನ್ನಾಗಿ ಶಾಖ ಸಾಗಿಸುತ್ತೆ, ಒಪ್ಪಿದೆ. ಆದ್ರೆ ತೂಕ, ಬೆಲೆ ನೋಡಿ. ನಿಮ್ಮ ಬೆಸುಗೆಯಲ್ಲಿ ಸೀಸ ಇತ್ತು, ಆ ಹೊಗೆ ನೀವೇ ಕುಡಿದ್ರಿ. ಅಲ್ಯೂಮಿನಿಯಂ ಕೊಳವೆ ಅಗಲವಾಗಿ, ಚಪ್ಪಟೆಯಾಗಿ ಮಾಡಬಹುದು, ಅದಕ್ಕೇ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. 1983ರ ಕೊನೆಗೆ ಮಾರುತಿ 800 ಬಂದಾಗಲೂ ಹೀಗೇ ಅಂದಿರ್ತೀರಿ, ‘ಕರೆಂಟ್ ಫ್ಯಾನ್ ನಂಬೋದು ಹೆಂಗೆ’ ಅಂತ.

ಮೇಸ್ತ್ರಿ: ಅಂದಿದ್ದೆ, ಈಗಲೂ ಅಂತೀನಿ. ಅಂಬಾಸಿಡರಲ್ಲಿ ಬೆಲ್ಟು ಓಡಿದ್ರೆ ಫ್ಯಾನೂ ಓಡ್ತಿತ್ತು. ಇದರಲ್ಲಿ ಫ್ಯೂಸು, ರಿಲೇ, ಸೆನ್ಸರು, ಮೋಟರು. ನಾಲ್ಕರಲ್ಲಿ ಒಂದು ಕೈ ಕೊಟ್ರೂ ಸಿಗ್ನಲಲ್ಲಿ ನಿಂತಾಗ ಕುದಿಯುತ್ತೆ.

ಇಂಜಿನಿಯರ್: ಬೆಲ್ಟಿನ ಫ್ಯಾನು ಐಡ್ಲಿಂಗಲ್ಲಿ ಸುಸ್ತಾಗಿ ತಿರುಗ್ತಿತ್ತು, ನಿಂತ ಟ್ರಾಫಿಕ್ಕಲ್ಲಿ ಬೇಕಾದಷ್ಟು ಗಾಳಿ ಕೊಡ್ತಿರಲಿಲ್ಲ. ಕರೆಂಟ್ ಫ್ಯಾನ್ ಪರೀಕ್ಷೆ ಮಾಡೋದೂ ಸುಲಭ. ಎಸಿ ಹಾಕಿ, ಫ್ಯಾನ್ ತಿರುಗಲೇಬೇಕು. ತಿರುಗಿದ್ರೆ ಮೋಟರ್, ಫ್ಯೂಸ್ ಸರಿ. ನಿಂತಾಗ ಮಾತ್ರ ಕಾದ್ರೆ ಫ್ಯಾನ್ ಕಡೆ ನೋಡು, ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಕಾದ್ರೆ ರೇಡಿಯೇಟರ್ ಕಟ್ಟಿದೆಯಾ, ಪಂಪ್ ಎತ್ತುತ್ತಾ ಇದೆಯಾ ನೋಡು.

ಮೇಸ್ತ್ರಿ: ಘಾಟಿಯಲ್ಲಿ ಮಾತ್ರ ಕಾದ್ರೆ?

ಇಂಜಿನಿಯರ್: ಎಲ್ಲವೂ ಸ್ವಲ್ಪ ಸ್ವಲ್ಪ ಸೋತಿದೆ ಅಂತ ಅರ್ಥ.

ಮೇಸ್ತ್ರಿ: ಹಾಂ, ಇದು ಮೇಸ್ತ್ರಿ ಮಾತು. ಇಲ್ಲಿ ಬನ್ನಿ, ಬಗ್ಗಿ ನೋಡಿ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿ. ಏನು ಕಾಣುತ್ತೆ? ಸಂಕ್ರಾಂತಿ ಸುಮಾರಿಗೆ ಬಯಲುಸೀಮೆ ಕಡೆ ಹೋಗಿದ್ರಾ?

ಇಂಜಿನಿಯರ್: ಚನ್ನರಾಯಪಟ್ಟಣದ ಹತ್ತಿರ ನೆಂಟರ ಮನೆಗೆ. ರಸ್ತೆ ತುಂಬ ಹುರುಳಿ ಹರಡಿದ್ರು.

ಮೇಸ್ತ್ರಿ: ಟಾರು ರಸ್ತೆಯೇ ಕಣ. ಗಾಡಿ ಓಡಿದ್ರೆ ಒಕ್ಕಣೆ ಪುಕ್ಕಟೆ. ಆ ಹೊಟ್ಟು, ಸಣ್ಣ ಕಡ್ಡಿ ಎಲ್ಲ ಇಲ್ಲಿ ಬಂದು ಕೂತಿದೆ. ಮುಂದಿನಿಂದ ನೋಡಿದ್ರೆ ಥಳಥಳ, ಹಿಂದೆ ಕಂಬಳಿ ಹೊದ್ದಿದೆ. ಗಾಳಿ ಎಲ್ಲಿಂದ ಬರಬೇಕು? ಸೈಲೆನ್ಸರಿಗೆ ಹುಲ್ಲು ಸುತ್ಕೊಂಡು ಗಾಡಿಗಳು ಹತ್ತಿ ಉರಿದದ್ದೂ ಉಂಟು. ಕಂಪ್ಯೂಟರ್ ಹಚ್ಚಿ ನೋಡಿದ್ರೆ ಇದು ಕಾಣುತ್ತಾ?

ಇಂಜಿನಿಯರ್: ಕಾಣಲ್ಲ. ಆದ್ರೆ ಪ್ರೆಷರ್ ಗನ್ ಹಿಡಿದು ಮುಂದಿನಿಂದ ಹೊಡೀಬೇಡಿ. ರೆಕ್ಕೆಗಳೆಲ್ಲ ಮಡಚಿ ಹೋಗ್ತವೆ, ಕಸ ಇನ್ನೂ ಒಳಗೆ ಸೇರುತ್ತೆ. ಎಂಜಿನ್ ಕಡೆಯಿಂದ ಹೊರಕ್ಕೆ, ಸಾದಾ ಪೈಪಿನ ನೀರಲ್ಲಿ.

ಮೇಸ್ತ್ರಿ: ಇದನ್ನ ನನಗೆ ಹೇಳಿಕೊಡ್ತೀರಾ!

ಹಾಗೆಂದರೂ ಆಕೆ ಹೇಳಿದಂತೆಯೇ ಮಾಡಿದರು. ಆಮೇಲೆ ಕೈಪಂಪು ಜೋಡಿಸಿ 15 ಪೌಂಡ್ ಒತ್ತಡ ಕೊಟ್ಟು ಬಿಟ್ಟರು; ಪಂಪಿನ ಮುಳ್ಳು ಕದಲಲಿಲ್ಲ, ಹಾಗಾಗಿ ಹೊರಗೆಲ್ಲೂ ಸೋರಿಕೆ ಇಲ್ಲ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಸುತ್ತ ಕಲೆಯೂ ಇರಲಿಲ್ಲ. ಸೀಲ್ ಸೋತಿದ್ದರೆ ಮೊದಲು ಹನಿಯುವುದು ಅಲ್ಲಿಂದ. ಹೆಡ್ ಗ್ಯಾಸ್ಕೆಟ್ ಬಗ್ಗೆ ಮಾತ್ರ ಮತ್ತೆ ಸಣ್ಣ ಜಗಳ. ಮೇಸ್ತ್ರಿ ಆಯಿಲ್ ಮುಚ್ಚಳ ತಿರುಗಿಸಿ, ಹಾಲಿನಂಥ ನೊರೆ ಇಲ್ಲವೆಂದು ತೋರಿಸಿ ಮುಗಿಯಿತೆಂದರು. ಆಕೆ ಒಪ್ಪಲಿಲ್ಲ. ಮಳೆಗಾಲದಲ್ಲಿ ಕಡಿಮೆ ದೂರ ಓಡಾಡುವ ಕಾರಿನ ಮುಚ್ಚಳದಲ್ಲಿ ಬರೀ ತೇವಕ್ಕೂ ನೊರೆ ಕಟ್ಟುತ್ತದೆ, ಗ್ಯಾಸ್ಕೆಟ್ ಹೋದ ಕಾರಲ್ಲೂ ನೊರೆ ಇಲ್ಲದಿರಬಹುದು, ಅದು ಸಾಕ್ಷಿಯಲ್ಲ ಎಂದರು. ನೀಲಿ ದ್ರವದ ಪರೀಕ್ಷೆ ಮಾಡಿಸಿಯೇ ಬಿಟ್ಟರು. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ ಅದು ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದೆ ಎಂದು ಲೆಕ್ಕ. ನೀಲಿಯಾಗಿಯೇ ಉಳಿಯಿತು.

ಮೇಸ್ತ್ರಿ: ಉಳೀತಲ್ಲ? ನನ್ನ ಕಣ್ಣು ಹೇಳಿದ್ದೂ ಅದನ್ನೇ.

ಇಂಜಿನಿಯರ್: ಈ ಸಲ. ಅಲ್ಯೂಮಿನಿಯಂ ಹೆಡ್ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತೆ. ಒಂದೇ ಒಂದು ಸಲ ಚೆನ್ನಾಗಿ ಕಾದ್ರೂ ಬಾಗಬಹುದು. ಕೂದಲಿನಷ್ಟು, 0.1 ಮಿಲಿಮೀಟರ್ ಬಾಗಿದ್ರೂ ಸಾಕು. ಅಷ್ಟನ್ನ ಯಾರ ಕಣ್ಣೂ ನೋಡಲ್ಲ.

ಮೇಸ್ತ್ರಿ: ಅಷ್ಟು ಕಾಯೋ ತನಕ ಬಿಡದೆ ಇರೋದೇ ಕಣ್ಣಿನ ಕೆಲಸ. ವಾರಕ್ಕೊಂದು ಬೆಳಿಗ್ಗೆ, ಎಂಜಿನ್ ತಣ್ಣಗಿರೋವಾಗ, ಬಾನೆಟ್ ಎತ್ತಿ. ಬಾಟ್ಲಿ ನೋಡಿ, ನಿಂತ ಜಾಗದ ನೆಲ ನೋಡಿ, ಹೋಸ್ ಪೈಪ್ ಹಿಸುಕಿ. ಮೆತ್ತಗಾಗಿದೆಯಾ, ಒಡೆದಿದೆಯಾ. ಐದು ನಿಮಿಷ. ನಿಮ್ಮಂಥವರು ವರ್ಷಕ್ಕೊಂದು ಸಲ ಸರ್ವಿಸಿಗೆ ಬಿಟ್ಟು, ಸ್ಟ್ಯಾಂಪ್ ಒತ್ತಿಸ್ಕೊಂಡು ಬರ್ತೀರಿ.

ಇಂಜಿನಿಯರ್: ಕಾರು ಇಟ್ಟವರೆಲ್ಲ ಮೇಸ್ತ್ರಿ ಆಗಬೇಕು ಅಂದ್ರೆ ಹೇಗೆ? ನನ್ನ ಅಮ್ಮನೂ ಓಡಿಸ್ತಾರೆ. ಬಾನೆಟ್ ಎತ್ತದೆ ನೆಮ್ಮದಿಯಾಗಿ ಓಡಿಸೋ ಕಾರು ಮಾಡಿದ್ದೇ ಇಷ್ಟು ವರ್ಷದ ದುಡಿಮೆ. ಅದನ್ನ ಸೋಮಾರಿತನ ಅನ್ನಬೇಡಿ. ಗಡುವು ಪುಸ್ತಕದಲ್ಲಿ ಬರೆದು, ಗಡುವಿಗೆ ಸರಿಯಾಗಿ ಕೂಲಂಟ್, ಕ್ಯಾಪ್, ಹೋಸ್ ಬದಲಾಯಿಸಿದ್ರೆ ಸಾಕಾಗಬೇಕು.

ಮೇಸ್ತ್ರಿ: ಹುರುಳಿ ಹೊಟ್ಟಿಗೆ ಯಾವ ಪುಸ್ತಕದಲ್ಲಿ ಗಡುವು ಬರೆದಿದ್ದಾರೆ?

ಆಕೆ ನಕ್ಕರು. ಇನ್ನೂ ಕೆಲಸ ಉಳಿದಿತ್ತು. ಅದೇ ಥರ್ಮೋಸ್ಟಾಟನ್ನು ಹೊಸ ಸೀಲ್ ಹಾಕಿ ಕೂರಿಸಿದ್ದಾಯಿತು. ಮೇಸ್ತ್ರಿ ‘ನಿಮ್ಮ ಮಾತಿಗೆ ಹಾಕ್ತಿದ್ದೀನಿ’ ಎಂದು ಎರಡು ಸಲ ಹೇಳಿದರು. ಮುಂದಿನ ಚಕ್ರಗಳನ್ನು ಇಳಿಜಾರಿನ ಮೇಲ್ಬದಿಗೆ ನಿಲ್ಲಿಸಿ, ಹೀಟರ್ ಬಿಸಿಗೆ ತಿರುಗಿಸಿ, ಹೊಸ ಮಿಶ್ರಣವನ್ನು ನಿಧಾನಕ್ಕೆ ತುಂಬಿದರು. ಎಂಜಿನ್ ಓಡಿಸಿ ಗುಳ್ಳೆಗಳು ನಿಲ್ಲುವ ತನಕ ಕಾದರು. ಒಳಗೆ ಗಾಳಿ ಸಿಕ್ಕಿಕೊಂಡರೆ ಇಷ್ಟು ಹೊತ್ತಿನ ಶ್ರಮ ನೀರಲ್ಲಿ ಹೋಮ. ಕೊನೆಗೆ ಹೊಸ ಕ್ಯಾಪ್. ಆ ದಿನ ಬದಲಾದ ವಸ್ತುಗಳಲ್ಲಿ ಅಗ್ಗದ್ದೊಂದು ಅದು.

ಇಂಜಿನಿಯರ್: ಅಯ್ಯೋ, ಆ ಹಳೆ ಕೂಲಂಟ್ ಚರಂಡಿಗೆ ಸುರೀಬೇಡಿ!

ಮೇಸ್ತ್ರಿ: ಮತ್ತೆಲ್ಲಿ? ಅಂಬಾಸಿಡರ್ ನೀರನ್ನ ದಾಸವಾಳದ ಗಿಡಕ್ಕೇ ಹಾಕ್ತಿದ್ವಿ.

ಇಂಜಿನಿಯರ್: ಅದು ನೀರು. ಇದರಲ್ಲಿರೋದು ಎಥಿಲೀನ್ ಗ್ಲೈಕಾಲ್. ಸಿಹಿ ಇರುತ್ತೆ ಅಂತ ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪ ಸಾಕು, ಕಿಡ್ನಿ ಹೋಗಿ ಸಾಯ್ತವೆ. ಮಕ್ಕಳಿಗೂ ಅಷ್ಟೇ ಅಪಾಯ.

ಮೇಸ್ತ್ರಿ: ಹಂಗಾದ್ರೆ ನೀವೇ ಹೇಳಿ, ಸಕಲೇಶಪುರದಲ್ಲಿ ಇದನ್ನ ಯಾರು ತಗೋತಾರೆ? ಹಳೆ ಆಯಿಲ್ ಕೊಳ್ಳೋರು ಬರ್ತಾರೆ, ಹಳೆ ಬ್ಯಾಟರಿ ಕೊಳ್ಳೋರು ಬರ್ತಾರೆ. ಇದನ್ನ ಕೇಳ್ಕೊಂಡು ಒಬ್ಬನೂ ಬಂದಿಲ್ಲ.

ಆಕೆಗೆ ಉತ್ತರ ಗೊತ್ತಿರಲಿಲ್ಲ. ಕೂಲಂಟ್ ಮಾರುವ ಅಂಗಡಿಗಳು ಊರೂರಲ್ಲಿವೆ, ಹಳೆಯದನ್ನು ವಾಪಸ್ ಪಡೆಯುವ ಅಂಗಡಿ ನಾನೂ ಕಂಡಿಲ್ಲ. ಸದ್ಯಕ್ಕೆ ಅದನ್ನು ಐದು ಲೀಟರಿನ ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ‘ವಿಷ’ ಎಂದು ಬರೆದು ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದಾರೆ. ನಿಮ್ಮ ಕಾರಿನ ಕೂಲಂಟ್ ಬದಲಾಗುವ ದಿನ ಇಳಿಸಿದ್ದನ್ನು ಎಲ್ಲಿ ಸುರಿಯುತ್ತಾರೆ ಎಂದು ಒಮ್ಮೆ ಕೇಳಿ, ಚರಂಡಿಗೆ ಸುರಿಯಲು ಬಿಡಬೇಡಿ.